ವಲ್ಲಿಯ ಕೆಳಗಿನ ದರ

ಮಸ್ಕಿಯ ಹತ್ತಿ ಗಿರಣಿ ಕೂಗಿದರೆ ಸಿಂಧನೂರಿನ ಎಮ್ಮೆಗಳು ಹೆದರಿ ಹಾಲು ಬಿಗಿಹಿಡಿಯುತ್ತಿದ್ದವು. ಅಲ್ಲಿಂದ ಹತ್ತಿ ಹೋಗದಿದ್ದರೆ ಅರ್ಧ ಜಪಾನು ಬರಿಮೈಯಲ್ಲಿ ಕೂರಬೇಕಿತ್ತು. ಸುಳ್ಳು ಅನ್ನುವವರು ಕಿವಿ ಮುಚ್ಚಿಕೊಳ್ಳಿ. ಅಂಥ ಗಿರಣಿ, ಸಾವಿರದ ಒಂಬೈನೂರ ನಲವತ್ತೊಂದರ ಆ ಮುಂಜಾನೆ ಕೂಗಲಿಲ್ಲ.

ವರ್ಷದ ಬೆಳೆಯನ್ನೆಲ್ಲ ಹೇರಿಕೊಂಡು ಬಸವಣ್ಣೆಮ್ಮ ಬಂಡಿ ನಿಲ್ಲಿಸಿದಾಗ, ಗಿರಣಿಯ ನಲವತ್ತು ಕೂಲಿ ಹೆಂಗಸರು ಗೇಟಿನ ಹೊರಗೆ ಕೂತಿದ್ದರು. ಮೇಲೆ ಹದ್ದೊಂದು ಸುತ್ತುತ್ತಿತ್ತು.

ಅಪ್ಪನ ಬಲಗೈಗೆ ಲಕ್ವ ಹೊಡೆದಂದಿನಿಂದ ವಲ್ಲಿ ಎಂಬ ಹೆಗಲಬಟ್ಟೆಯ ಕೆಳಗೆ ಕೈ ಇಡುತ್ತಿದ್ದವಳು ಅವಳೇ. ದರವನ್ನು ಬಾಯಲ್ಲಿ ಹೇಳುವಂತಿಲ್ಲ. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ತಿಳಿಸಬೇಕು. ಗಿರಣಿಯ ಖರೀದಿದಾರ ಕರಿಬಸಯ್ಯ ಉಳಿದ ರೈತರ ಬೆರಳನ್ನು ಚೇಳು ಮುಟ್ಟಿದಂತೆ ಬಿಡುವವನು, ಇವಳ ಬೆರಳಿಗೆ ಬಂದರೆ ಎಣಿಕೆಯನ್ನೇ ಮರೆಯುತ್ತಿದ್ದ. ಅಷ್ಟರಲ್ಲಿ ಮೂರು ಸಂತೆ ನೆರೆದು ಚದುರುತ್ತಿದ್ದವು!

"ಅಯ್ಯನೋರ, ಇವತ್ತ ಕೈ ಯಾಕ ಹಿಂಗ ತಣ್ಣಗಾಗ್ಯಾವ? ನನಗ ಅಂಜೀರೇನ್ರೀ?"

ಅವನು ನಗಲಿಲ್ಲ. ಬೆನ್ನಿಗೇ ಗಿರಣಿಯ ಸಾವ್ಕಾರ ನಿಂತಿದ್ದ. ಕರಿಬಸಯ್ಯ ಐದೂ ಬೆರಳು ಹಿಡಿದ. ಐದು! ಆ ವರ್ಷ ಯಾರೂ ಕಾಣದ ದರ.

"ಮಾಲು ಇವತ್ತ ಇಳಸು ತಂಗಿ," ಎಂದ ಸಾವ್ಕಾರ. "ದುಡ್ಡು ಮುಂದಿನ ಸಂತಿಗೆ."

ಗಿರಣಿ ಸತ್ತಂತಿದೆ, ದರ ಮಾತ್ರ ಏರಿದೆ. ಆಗ ವಲ್ಲಿಯ ಕೆಳಗೆ ಕರಿಬಸಯ್ಯ ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಮಾಡಿ, ಒತ್ತಿ ಹಿಡಿದ. ಮುಷ್ಟಿಯೆಂದರೆ ವ್ಯಾಪಾರವಿಲ್ಲ, ಮಸ್ಕಿಯ ಎತ್ತುಗಳಿಗೂ ಅದು ಗೊತ್ತು.

"ದರ ಒಗ್ಗಲಿಲ್ರೀ," ಎಂದಳು.

ಸಾವ್ಕಾರ ವಲ್ಲಿ ಕಿತ್ತೆಳೆದ. ಅವಳ ಮುಷ್ಟಿ ಇನ್ನೂ ಕರಿಬಸಯ್ಯನ ಕೈಯೊಳಗಿತ್ತು.

"ನೀನೂ ಗೇಟಿನ ಹೊರಗ ನಡಿ, ಲೇ!"

ಲಿಂಗಸುಗೂರಿನ ದಾರಿಯಲ್ಲಿ, ಊರಿಗೆ ತಿರುಗಿದ ಅವಳ ಬಂಡಿಯ ಪಕ್ಕ ಕರಿಬಸಯ್ಯ ನಡೆದ. "ಮುಂಬೈಲಿಂದ ತಾರ್ ಬಂದೈತಿ. ಯುದ್ಧದ ದೆಸಿಯಿಂದ ಜಪಾನಿಗೆ ಹೋಗೋ ಹಡಗು ನಿಂತಾವ. ಹತ್ತಿ ಕೇಳೋರಿಲ್ಲ. ಸಾವ್ಕಾರ ನಿಮ್ಮ ಮಾಲು ಸಿಕ್ಕಷ್ಟಕ್ಕ ಮಾರಿ, ಗಿರಣಿಗೆ ಕೀಲಿ ಜಡಿದು ಹೋಗಾಂವ ಇದ್ದ."

"ಹಂಗಾರ ನಿಮಗ ಕೆಲಸಿಲ್ಲ, ನಮಗ ದರಿಲ್ಲ."

"ಇಲ್ಲ."

ಹಿಂದೆ, ಹೊಗೆಯಿಲ್ಲದ ಚಿಮಣಿಯ ಮೇಲೆ ಹದ್ದು ಬಂದು ಕೂತಿತು. ಅವಳು ತಿರುಗಿ ನೋಡಲಿಲ್ಲ. ಸೆರಗು ಚಾಚಿ ಅವನ ಕೈಮೇಲೆ ಹಾಕಿ, ಬಿಚ್ಚದ ಮುಷ್ಟಿಯನ್ನು ಅದರಡಿ ಇಟ್ಟಳು. ಅವನು ಒಂದೊಂದೇ ಬೆರಳು ಬಿಡಿಸಿ, ಎಲ್ಲವನ್ನೂ ಹಿಡಿದ.

"ಮತ್ತ ಐದೇನ್ರೀ, ಸುಳ್ಳಗಾರ?"

"ಈ ಸಲ ಖರೇ."