ಮೂರನೆಯ ಗೇಟು

ಢಮಾರ್!

ನನ್ನ ಟ್ರಕ್ಕಿನ ಬಲಗಡೆಯ ಕನ್ನಡಿ ಚೂರುಚೂರಾಯಿತು. ಒಂದು ಚೂರು ಬಂದು ಕೆನ್ನೆಗೆ ನಾಟಿತು. ರಕ್ತ ಒರೆಸಿಕೊಳ್ಳಲೂ ಪುರುಸೊತ್ತಿಲ್ಲ.

"ತಲೆ ಬಗ್ಗಿಸು!" ಎಂದು ಕಿರುಚಿದೆ.

ಪಕ್ಕದ ಸೀಟಿನಲ್ಲಿದ್ದ ಹೆಂಗಸು ಬಗ್ಗಲಿಲ್ಲ. ಬಗ್ಗುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಎಡಗೈಯಿಂದ ಅವಳ ಕತ್ತು ಹಿಡಿದು ನಾನೇ ಕೆಳಕ್ಕೆ ಒತ್ತಿದೆ. ಎದುರಿಗೆ ಎರಡಾಳೆತ್ತರದ ಮರಳುದಿಬ್ಬ. ಹಿಂದೆ ಅವಳ ಗಂಡ...

ಅವನ ಕೈಯಲ್ಲಿ ಬಂದೂಕು!

ಆ ಕನ್ನಡಿಯೇ ಇದು. ತಂತಿ ಸುತ್ತಿ ಕಟ್ಟಿದ್ದೇನೆ, ನೋಡಿ. ಹೀಗೇಕೆ ಎಂದು ನೀವು ಕೇಳಿದಿರಿ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಜೀಪು ಹಿಂದೆ ಸರಪಳಿ ಬಿಗಿಸಿಕೊಂಡು ಕೂತಿದೆ, ಎಲ್ಲಿಗೂ ಹೋಗುವುದಿಲ್ಲ. ಪ್ಯಾಡಿಯ ಪೆಟ್ರೋಲ್ ಬಂಕಿಗೆ ಇನ್ನೂ ಎರಡು ಗಂಟೆಯ ದಾರಿ ಇದೆ.

ನನ್ನ ಹೆಸರು ನೋರೀನ್ ಟಲ್ಲಿ. ವಯಸ್ಸು ಐವತ್ತೆಂಟು. ಈ ಕೆಂಪು ಮರಳಿನಲ್ಲಿ ಹೂತುಹೋದವರನ್ನು ಎಳೆದು ತೆಗೆಯುವುದು ನನ್ನ ಕಸುಬು. ಹೆಚ್ಚಿನವರು ಅಳುತ್ತಾರೆ. ಕೆಲವರು ಬೈಯುತ್ತಾರೆ. ಗುಂಡು ಹಾರಿಸಿದವನು ಅವನೊಬ್ಬನೇ.

ಬ್ರೆಂಟ್ ಹಾಲೊರನ್. ಇದೇ ಸೀಮೆಯಲ್ಲಿ ದನ ಮೇಯಿಸುತ್ತ ಬೆಳೆದವನು, ಈಗ ಅಡಿಲೇಡಿನಲ್ಲಿ ವಾಸ. ಹೆಂಡತಿ ರೊವೀನಾ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರ್. ಇಬ್ಬರೂ ಗಾಡಿಯ ಮೇಲೆ ಡೇರೆ ಕಟ್ಟಿಕೊಂಡು ಮೂರು ವಾರದ ತಿರುಗಾಟಕ್ಕೆ ಹೊರಟಿದ್ದರು. ಆ ಗುಂಡು ಹಾರಿದ ಹಿಂದಿನ ದಿನ ಮಧ್ಯಾಹ್ನ ಪ್ಯಾಡಿಯ ಬಂಕಿನಲ್ಲಿ ನಿಂತಿದ್ದರು. ಅವಳು ಮಾಂಸದ ಪೈ ತಿನ್ನಲು ಹೋಗಿ ಅಂಗಿಯ ತುಂಬಾ ಸಾಸ್ ಚೆಲ್ಲಿಕೊಂಡು ನಕ್ಕಳು. ನಾನೂ ನಕ್ಕೆ. ಅವನು ನಗಲಿಲ್ಲ.

"ಹೊಸಾ ಬೂಟು ಕಚ್ತಿದೆ ಕಣಕ್ಕಾ. ಎಡಗಾಲಿನ ಹಿಮ್ಮಡಿ ಸುಲಿದೇ ಹೋಯ್ತು," ಎಂದಳು ನನಗೆ.

ಪ್ಲಾಸ್ಟರ್ ಕೊಟ್ಟೆ. "ಹಿಮ್ಮಡಿ ಊರ್ಬೇಡ. ಬೆರಳ ಮೇಲೆ ನಡಿ."

ಅವಳು ಕುಂಟುತ್ತಾ ಹೋಗಿ ಗಾಡಿ ಹತ್ತಿದಳು. ಎಡಗಡೆಯ ಸೀಟು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಬ್ರೆಂಟ್ ಒಬ್ಬನೇ ಬಂದ.

"ರೊವೀನಾ ಕಾಣಿಸ್ತಿಲ್ಲ! ನಿನ್ನೆ ಸಾಯಂಕಾಲ ಕ್ಯಾಂಪಿಂದ ಎದ್ದು ಹೋದೋಳು ವಾಪಸ್ಸೇ ಬರ್ಲಿಲ್ಲ!"

"ಎಲ್ಲಿ ಕ್ಯಾಂಪು?" ನಾನು ಕೇಳಿದೆ.

"ಮೂರನೇ ಗೇಟು ದಾಟಿ... ಉಪ್ಪಿನ ಕೆರೆ ಹತ್ರ."

"ನೀರು ತಗೊಂಡು ಹೋಗಿದಾಳಾ?"

"ಇಲ್ಲ! ಬೂಟೂ ಹಾಕ್ಕೊಂಡಿಲ್ಲ... ನೋಡಿ!" ಅವಳ ಬೂಟುಗಳನ್ನು ಎದೆಗೆ ಅವಚಿಕೊಂಡು ಗೊಳೋ ಎಂದು ಅತ್ತ. "ಅವಳೇನಾದ್ರೂ ವಾಪಸ್ ಬಂದ್ರೆ ಅಂತ ನೀರಿನ ಕ್ಯಾನೆಲ್ಲಾ ಕ್ಯಾಂಪಲ್ಲೇ ಬಿಟ್ಟು ಬಂದೆ."

ಪ್ಯಾಡಿಯ ಕಣ್ಣಲ್ಲೂ ನೀರು. ಅವನು ಪೊಲೀಸರಿಗೆ ಫೋನ್ ಮಾಡಿದ. ವಿಮಾನ ಹತ್ತು ಗಂಟೆಗೆ ಬರುತ್ತದೆ, ನೇರ ಉಪ್ಪಿನ ಕೆರೆಯ ಮೇಲೆ ಹುಡುಕುತ್ತದೆ ಎಂದಾಯಿತು. ನೆಲದ ಮೇಲೆ ಹುಡುಕಲು ನಾನು ಹೊರಟೆ. ನೂರು ಲೀಟರ್ ನೀರು, ಒಂದು ಸ್ಟ್ರೆಚರ್. ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ನೀರಿಲ್ಲದ ಮನುಷ್ಯ ಒಂದು ದಿನ ತಾಳಬಹುದು. ಎರಡನೆಯ ದಿನದ ಮಾತು ಬೇಡ.

ಹೊರಡುವಾಗ ಒಂದು ಸಂಗತಿ ಕಂಡೆ.

ಬ್ರೆಂಟ್ ಕಣ್ಣೊರೆಸಿಕೊಂಡು ಗಾಳಿ ಪೈಪಿನ ಹತ್ತಿರ ಹೋಗಿ ನಾಲ್ಕೂ ಟಯರಿಗೆ ಗಾಳಿ ತುಂಬಿಸುತ್ತಿದ್ದ!

ಮರಳಿಗೆ ಇಳಿಯುವ ಮುಂಚೆ ಟಯರಿನ ಗಾಳಿ ಇಳಿಸುತ್ತೇವೆ. ಟಯರು ಚಪ್ಪಟೆಯಾಗಿ ಹರಡಿಕೊಂಡರೆ ಗಾಡಿ ಹೂಳುವುದಿಲ್ಲ. ಗಟ್ಟಿ ರಸ್ತೆ ಹಿಡಿದು ಊರಿಗೆ ಹೋಗುವಾಗ ಮತ್ತೆ ತುಂಬಿಸುತ್ತೇವೆ. ಹೆಂಡತಿಯನ್ನು ಹುಡುಕಲು ಮರಳಿಗೆ ವಾಪಸ್ ಹೋಗಬೇಕಾದವನು ಗಾಳಿ ತುಂಬಿಸುತ್ತಾನೆಯೇ? ಆದರೂ ದುಃಖದಲ್ಲಿದ್ದಾನೆ, ತಲೆ ಓಡುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲನೆಯ ಗೇಟು.

ಈ ಸೀಮೆಯಲ್ಲಿ ಗೇಟಿನದು ಎರಡು ಕಟ್ಟಳೆ. ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಹೋಗಬೇಕು. ತೆರೆದಿಟ್ಟು ಹೋದರೆ ದನ ನುಗ್ಗಿ ನೂರು ಮೈಲಿ ಚದುರುತ್ತವೆ. ಹತ್ತು ವರ್ಷದವಳಿದ್ದಾಗ ಒಮ್ಮೆ ಮರೆತಿದ್ದೆ. ಅಪ್ಪನ ಬೆಲ್ಟಿನ ಬರೆ ಇನ್ನೂ ಬೆನ್ನಿನ ಮೇಲಿದೆ. ಇನ್ನೊಂದು, ಎಡಗಡೆ ಕೂತವರೇ ಇಳಿದು ಗೇಟು ತೆಗೆಯಬೇಕು, ಹಾಕಬೇಕು. ಬಿಷಪ್ಪೇ ಕೂತಿದ್ದರೂ ಇಳಿಯಲೇಬೇಕು!

ಮೂರು ದಿನದಿಂದ ಗಾಳಿ ಬೀಸಿರಲಿಲ್ಲ. ಗೇಟಿನ ಮುಂದೆ ಪುಟ್ಟ ಬೂಟಿನ ಗುರುತು ಅಚ್ಚೊತ್ತಿದಂತಿತ್ತು. ಎಡಗಾಲಿನ ಹಿಮ್ಮಡಿ ಊರಿಯೇ ಇರಲಿಲ್ಲ. ರೊವೀನಾ ನನ್ನ ಮಾತು ಕೇಳಿದ್ದಳು, ಪಾಪ.

ಎರಡನೆಯ ಗೇಟು. ಅದೇ ಪುಟ್ಟ ಬೂಟು. ಅದೇ ಕುಂಟು.

ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಹೋದರೆ ಮೂರನೆಯ ಗೇಟು. ಗೇಟಿನ ಆಚೆ ದನಗಳು ಈ ಬದಿಯ ಹುಲ್ಲಿನ ಆಸೆಗೆ ಬೇಲಿಗೆ ಒತ್ತಿ ನಿಂತಿದ್ದವು. ಗೇಟು ತೆರೆದಿದ್ದರೆ ನುಗ್ಗಿ ಬಂದು ನೆಲವನ್ನೆಲ್ಲ ತುಳಿದು ಹಾಕಿರುತ್ತಿದ್ದವು. ಆದರೆ ಗೇಟು ಭದ್ರವಾಗಿ ಮುಚ್ಚಿತ್ತು. ತಂತಿಯನ್ನು ಎರಡು ಸುತ್ತು ಸುತ್ತಿ ಕೊಕ್ಕೆಗೆ ಸಿಕ್ಕಿಸಿತ್ತು. ಈ ಬದಿಯ ಮಣ್ಣನ್ನು ಒಂದು ದನವೂ ತುಳಿದಿರಲಿಲ್ಲ.

ಇಳಿದು ಮೊಣಕಾಲೂರಿ ನೋಡಿದೆ.

ಬರೀ ದೊಡ್ಡ ಬೂಟು. ಡ್ರೈವರ್ ಬಾಗಿಲಿನಿಂದ ಇಳಿದಿದೆ, ಗೇಟಿನವರೆಗೆ ಹೋಗಿದೆ, ವಾಪಸ್ ಡ್ರೈವರ್ ಬಾಗಿಲಿಗೇ ಬಂದಿದೆ. ಹೋಗುವಾಗಲೂ ಅವನೇ. ಬರುವಾಗಲೂ ಅವನೇ.

ಪುಟ್ಟ ಬೂಟು? ಒಂದೂ ಇಲ್ಲ!

ಎರಡನೆಯ ಗೇಟಿನಲ್ಲಿ ಇಳಿದು ತೆಗೆದವಳು ಇಲ್ಲಿ ಯಾಕೆ ಇಳಿಯಲಿಲ್ಲ? ಯಾಕೆಂದರೆ ಗಾಡಿಯಲ್ಲಿ ಅವಳಿರಲಿಲ್ಲ. ಅವಳು ಉಪ್ಪಿನ ಕೆರೆಯನ್ನು ನೋಡಿಯೇ ಇಲ್ಲ. ಅವಳಿರುವುದು ನನ್ನ ಬೆನ್ನ ಹಿಂದೆ, ಈ ಎರಡು ಗೇಟುಗಳ ನಡುವೆ ಎಲ್ಲೋ. ಹುಡುಕುವ ವಿಮಾನ ಹೋಗುತ್ತಿರುವುದು ಬೇರೆಲ್ಲಿಗೋ!

ಆಗ ನಾನೊಂದು ಕತ್ತೆ ಕೆಲಸ ಮಾಡಿದೆ. ಟ್ರಕ್ಕಿನ ವೈರ್‌ಲೆಸ್ ರೇಡಿಯೋ ಎತ್ತಿಕೊಂಡೆ.

"ಪ್ಯಾಡಿ, ವಿಮಾನಾನ ಕೆರೆ ಹತ್ರ ಕಳಿಸ್ಬೇಡ ಮಾರಾಯ! ಎರಡನೇ ಗೇಟು ದಾಟಿ ಹುಡುಕೋಕೆ ಹೇಳು. ಮೂರನೇ ಗೇಟಲ್ಲಿ ಅವಳು ಇಳಿದೇ ಇಲ್ಲ!"

"ಹಾಗಂದ್ರೆ?"

"ಹಾಗಂದ್ರೆ ಬ್ರೆಂಟ್ ಸುಳ್ಳು ಹೇಳ್ತಿದಾನೆ ಅಂತ! ಎಲ್ಲಿದಾನೆ ಅವನು?"

ಪ್ಯಾಡಿ ಹೊರಗೆ ಹೋಗಿ ನೋಡಿ ಬಂದ.

"ಹೊರಗೆ... ಅವನ ಗಾಡೀಲಿ ಕೂತಿದ್ದ. ರೇಡಿಯೋ ಹಾಕ್ಕೊಂಡು. ಈಗ ಗಾಡೀನೇ ಕಾಣಿಸ್ತಿಲ್ಲ, ಟಲ್ಲಿ!"

ಈ ಬಯಲಿಗೆಲ್ಲ ಇರುವುದು ಒಂದೇ ಚಾನಲ್. ಎಲ್ಲರಿಗೂ ಕೇಳಿಸುತ್ತದೆ. ಮೂವತ್ತು ವರ್ಷದಿಂದ ಇಲ್ಲಿ ಟ್ರಕ್ ಓಡಿಸುತ್ತಿರುವ ನನಗೆ ಅಷ್ಟು ಹೊಳೆಯಲಿಲ್ಲ!

ಟ್ರಕ್ ತಿರುಗಿಸಿದೆ. ಬಾಗಿಲಿನಿಂದ ತಲೆ ಹೊರಗೆ ಹಾಕಿ ನೆಲ ನೋಡುತ್ತಾ ಬಂದೆ. ಹನ್ನೊಂದು ಕಿಲೋಮೀಟರ್ ಬಂದ ಮೇಲೆ ಚಪ್ಪಟೆ ಟಯರಿನ ಗುರುತೊಂದು ದಾರಿ ಬಿಟ್ಟು ಪಕ್ಕಕ್ಕೆ ಸರಿದಿತ್ತು. ಅಲ್ಲಿ ಒಳಗೆ ಬತ್ತಿಹೋದ ಹಳೆಯ ಬೋರ್‌ವೆಲ್ ಒಂದಿದೆ. ಇಪ್ಪತ್ತು ವರ್ಷದಿಂದ ಯಾರೂ ಆ ಕಡೆ ಸುಳಿದಿಲ್ಲ. ಇಳಿದು ನನ್ನ ಟಯರುಗಳ ಗಾಳಿ ಇಳಿಸಿದೆ. ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಆಮೇಲೆ ಅದೇ ನಮ್ಮ ಜೀವ ಉಳಿಸಿತು.

ಒಂಬತ್ತು ಕಿಲೋಮೀಟರ್ ಒಳಗೆ ಮುರಿದ ಗಾಳಿಯಂತ್ರ, ಪಕ್ಕದಲ್ಲಿ ತುಕ್ಕು ಹಿಡಿದ ನೀರಿನ ತೊಟ್ಟಿ. ತೊಟ್ಟಿಯ ಕೆಳಗಿನಿಂದ ಎರಡು ಬರಿಗಾಲು ಹೊರಗೆ ಚಾಚಿದ್ದವು.

ಅಂಗಾಲು... ಬೇಡ ಬಿಡಿ. ಸುಟ್ಟಿತ್ತು ಅಂತಿಟ್ಟುಕೊಳ್ಳಿ.

ಸತ್ತಿದ್ದಾಳೆ ಎಂದುಕೊಂಡೆ. ಆಗ ಒಂದು ಬೆರಳು ಅಲ್ಲಾಡಿತು!

ತೊಟ್ಟಿಯ ಕೆಳಗೆ ಬರಿಗೈಯಲ್ಲಿ ಗುಂಡಿ ತೋಡಿ, ತಣ್ಣಗಿನ ಮಣ್ಣಿಗೆ ಮೈಯೊತ್ತಿ ಮಲಗಿದ್ದಳು. ಉಗುರುಗಳೆಲ್ಲ ಕಿತ್ತುಹೋಗಿದ್ದವು. ಬಟ್ಟೆ ಒದ್ದೆ ಮಾಡಿ ತುಟಿಗೆ ಹಿಂಡಿದೆ. ಮೂರನೆಯ ಸಲಕ್ಕೆ ಗುಟುಕರಿಸಿದಳು.

"ಬೇರೆ ಇರ್ತೀನಿ ಅಂದೆ... ಊರಿಗೆ ಹೋದ್ಮೇಲೆ ನಿನ್ನ ಬಿಟ್ಟು ಹೋಗ್ತೀನಿ ಅಂದೆ ಅಷ್ಟೇ..." ದನಿಯೇ ಇರಲಿಲ್ಲ, ಬರೀ ಉಸಿರು. "ಅದಕ್ಕೆ ಊರಿಗ್ಯಾಕೆ, ಇಲ್ಲೇ ಇಳಿ ಅಂದ. ಬಂದೂಕು ತೊಡೆ ಮೇಲಿತ್ತು. ಬೂಟು ಬಿಚ್ಚಿಟ್ಟು ಇಳಿ ಅಂದ."

ನನಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ನಿನ್ನೆ ಸಾಸ್ ಚೆಲ್ಲಿಕೊಂಡು ನಕ್ಕ ಹೆಣ್ಣು! ದಾರಿಯವರೆಗೆ ನಡೆಯಲು ಹೋಗಿ, ಮರಳು ಕಾಲು ಸುಟ್ಟು, ತೆವಳಿಕೊಂಡು ವಾಪಸ್ ಬಂದಿದ್ದಳು. ಅವಳನ್ನು ಎತ್ತಿ ಸೀಟಿಗೆ ಹಾಕಿದೆ. ಮಗುವಿನಷ್ಟು ಹಗುರವಾಗಿದ್ದಳು.

ಎಂಜಿನ್ ಚಾಲೂ ಮಾಡಿದೆ. ಢಮಾರ್!

ಮಿಕ್ಕಿದ್ದು ನಿಮಗೆ ಗೊತ್ತು. ಕನ್ನಡಿ ಹೋಯಿತು, ಕೆನ್ನೆ ಹರಿಯಿತು.

ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ಬ್ರೆಂಟ್ ಗಾಡಿ ತಂದಿದ್ದ. ಮಿಕ್ಕ ಮೂರು ಕಡೆಯೂ ಮರಳುದಿಬ್ಬ. ರೇಡಿಯೋ ಗೊರಗುಟ್ಟಿತು.

"ಅವಳ್ನ ಕೆಳಗಿಳಿಸು ಮುದುಕಿ! ನಿನ್ನ ಪಾಡಿಗೆ ನೀನು ಹೋಗು. ನಿಂಗೇನೂ ಮಾಡಲ್ಲ."

"ಇಳಿಸೋದು ನಿನ್ನ ಕೆಲಸ ಕಣೋ. ನಂದು ಎಳೆಯೋ ಕೆಲಸ!"

"ಸಾಯ್ತೀಯ!"

"ಸಾಲಲ್ಲಿ ನಿಂತ್ಕೋ. ನಿನಗಿಂತ ಮುಂಚೆ ಬಹಳ ಜನ ಹಾಗಂದಿದಾರೆ!"

ದಿಬ್ಬಕ್ಕೆ ನೇರವಾಗಿ ನುಗ್ಗಿಸಿದೆ. ಆರು ಚಕ್ರಗಳೂ ಕಿರುಗುಟ್ಟಿದವು. ಎರಡನೆಯ ಗುಂಡು ಹಿಂದಿನ ಗಾಜು ಒಡೆದು, ನಮ್ಮಿಬ್ಬರ ನಡುವೆ ಹಾದು, ಎದುರಿನ ಗಾಜಿನಲ್ಲಿ ತೂತು ಕೊರೆಯಿತು. ಅರ್ಧ ಏರು... ಮುಕ್ಕಾಲು... ಎಂಜಿನ್ ಕೆಮ್ಮತೊಡಗಿತು. ಟ್ರಕ್ ನಿಂತೇ ಬಿಡುವ ಹಾಗಾಯಿತು.

"ನಿಲ್ಲಿಸ್ಬೇಡಿ..." ರೊವೀನಾ ಪಿಸುಗುಟ್ಟಿದಳು. "ಅಕ್ಕಾ... ನಿಲ್ಲಿಸ್ಬೇಡಿ."

ನಿಲ್ಲಿಸಲಿಲ್ಲ. ಕಾಲು ಒತ್ತಿ ಹಿಡಿದೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ಆ ಎಂಜಿನ್ನಿಗೆ ಬೈದೆ. ದಿಬ್ಬದ ನೆತ್ತಿಯಲ್ಲಿ ಒಂದು ಕ್ಷಣ ಬರೀ ಆಕಾಶ ಕಾಣಿಸಿತು. ಆಮೇಲೆ ಮೂಗು ಕೆಳಗೆ ಮಾಡಿ ಆಚೆಗೆ ಜಾರಿದೆವು!

ಬ್ರೆಂಟ್ ಹಿಂದೆಯೇ ಬಂದ. ವೇಗವಾಗಿಯೇ ಬಂದ. ಚೆನ್ನಾಗಿ ಓಡಿಸುತ್ತಾನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಳಗ್ಗೆ ತುಂಬಿಸಿದ ಗಾಳಿ! ನಾಲ್ಕೂ ಟಯರು ಕಲ್ಲಿನಂತಿದ್ದವು. ತೊಟ್ಟಿಯವರೆಗಿನ ಗಟ್ಟಿ ದಾರಿಯಲ್ಲಿ ಹೇಗೋ ಬಂದುಬಿಟ್ಟಿದ್ದ, ದಿಬ್ಬದ ಸಡಿಲ ಮರಳು ಅವನನ್ನು ಹಿಡಿಯಿತು. ಅರ್ಧ ಏರಿನಲ್ಲಿ ಚಕ್ರಗಳು ಒಂದೇ ಸಮನೆ ಕೆಳಕ್ಕೆ ಕೊರೆದವು. ಗಾಡಿ ಹೊಟ್ಟೆಯ ಮೇಲೆ ಕೂತಿತು.

ಎಂಜಿನ್ ಒದರಿತು. ಮತ್ತೆ ಒದರಿತು. ಸುಮ್ಮನಾಯಿತು.

ಐದು ನಿಮಿಷದ ಮೇಲೆ ರೇಡಿಯೋ.

"ಟಲ್ಲಿ... ಗಾಡಿ ಹೂತೋಯ್ತು."

"ಗೊತ್ತು. ಹೂತಿದ್ದು ಇಲ್ಲೀವರೆಗೂ ಕೇಳಿಸ್ತು."

"ಎಳೆದು ತೆಗೀರಿ. ಅದೇ ಅಲ್ವಾ ನಿಮ್ಮ ಕೆಲಸ?" ಈಗ ಬಹುವಚನ!

"ಸೀಟು ಖಾಲಿ ಇಲ್ಲ."

"ಇಲ್ಲಿ ನೀರಿಲ್ಲ! ಕ್ಯಾನೆಲ್ಲಾ ಕೆರೆ ಹತ್ರ ಬಿಟ್ಟಿದೀನಿ!"

"ಗೊತ್ತು. ಹೆಂಡ್ತಿ ವಾಪಸ್ ಬಂದ್ರೆ ಅಂತ, ಅಲ್ವಾ?"

ನಾನೇ ಮುಂದುವರಿಸಿದೆ.

"ತೊಟ್ಟಿ ಕೆಳಗೆ ಅವಳು ಗುಂಡಿ ತೋಡಿಟ್ಟಿದಾಳೆ. ಹೋಗಿ ಮಲ್ಕೋ, ತಣ್ಣಗಿದೆ. ಬೂಟು ಬಿಚ್ಚಿಟ್ಟು ಹೋಗು!"

ರೇಡಿಯೋ ಆರಿಸಿದೆ.

ದಿಬ್ಬ ಸುತ್ತಿ ದಾರಿಗೆ ಬಂದಾಗ ವಿಮಾನ ಅಲ್ಲೇ ಇಳಿದಿತ್ತು. ರೊವೀನಾಳನ್ನು ಹೊತ್ತುಕೊಂಡು ಹೋದರು. ಬದುಕಿದಳು. ಬಲಗಾಲಿನ ಮೂರು ಬೆರಳು ಹೋದವು. ಈಗಲೂ ಲೆಕ್ಕ ಹೇಳಿಕೊಡುತ್ತಾಳೆ, ಆದರೆ ಕೂತುಕೊಂಡು.

ಬ್ರೆಂಟನನ್ನು ಪೊಲೀಸರು ನಾಲ್ಕು ಗಂಟೆಗೆ ತಂದರು. ಅದೇ ಗುಂಡಿಯಲ್ಲಿ ಮಲಗಿದ್ದನಂತೆ. ನಾಲಿಗೆ ಊದಿಕೊಂಡಿತ್ತು. ಪ್ಯಾಡಿಯ ಬೆಂಚಿನ ಮೇಲೆ ಬೇಡಿ ಹಾಕಿಸಿಕೊಂಡು ಕೂತು ಒಂದು ಜಗ್ಗು ನೀರು ಕುಡಿದ. ಆಮೇಲೆ ನನ್ನ ಕಡೆ ನೋಡಿದ.

"ಹೇಗೆ ಗೊತ್ತಾಯ್ತು?"

"ಮೂರನೇ ಗೇಟಿನ ಮುಂದೆ ನಿನ್ನ ಬೂಟು ಬಿಟ್ರೆ ಬೇರೆ ಬೂಟಿರಲಿಲ್ಲ."

"ದನ ತುಳಿದು ಅಳಿಸಿರಲಿಲ್ವಾ?"

"ಹೇಗೆ ತುಳೀತಾವೆ? ಗೇಟು ಹಾಕಿದ್ಯಲ್ಲ."

ಅವನು ಖಾಲಿ ಜಗ್ಗು ಕೆಳಗಿಟ್ಟ. "ಹಾಕ್ದೆ ಇದ್ರೆ ನಮ್ಮಪ್ಪ ಚರ್ಮ ಸುಲೀತಿದ್ದ," ಎಂದ.

"ನಮ್ಮಪ್ಪನೂ," ಎಂದೆ.

ಅದೊಂದು ಮಾತು ಮಾತ್ರ ಅವನು ಸುಳ್ಳು ಹೇಳಲಿಲ್ಲ. ಹೆಂಡತಿಯನ್ನು ಸಾಯಲು ಬಿಟ್ಟು ಬಂದ. ಗೇಟು ತೆರೆದಿಟ್ಟು ಬರಲು ಅವನಿಂದಾಗಲಿಲ್ಲ!

ಹಾಂ, ಅಗೋ ಗೇಟು ಬಂತು. ಎಡಗಡೆ ಕೂತವರು ನೀವು. ಇಳಿಯಿರಿ.

ಹಾಗೇಕೆ ನೋಡುತ್ತೀರಿ?... ಕಾಯುತ್ತೇನೆ, ಹೋಗಿ!