ಕಿಟಕಿ ಪಕ್ಕದ ಕುರ್ಚಿ

"ವಿಲೀನ ಆದ್ಮೇಲೆ ಲೆಕ್ಕದ ವಿಭಾಗ ಅವರದ್ದೇ ಇರುತ್ತೆ. ನೀವು ಸ್ವಲ್ಪ ದಿನ ಇದ್ದು, ಅವರ ಕಡೆಯೋರಿಗೆ ಎಲ್ಲ ಹೇಳ್ಕೊಟ್ಟು ಹೋಗಿ," ಎಂದು ಯಜಮಾನರ ಅಳಿಯ ಮೊಬೈಲಿನಿಂದ ತಲೆ ಎತ್ತದೆ ಹೇಳಿದ. ಎದುರಿಗೆ ನಿಂತಿದ್ದ ಅಕೌಂಟೆಂಟ್ "ಆಗ್ಲಿ ಸಾರ್" ಎಂದ. ಇಪ್ಪತ್ತು ವರ್ಷಗಳಿಂದ ಅವನು ಹೇಳಿಕೊಂಡು ಬಂದದ್ದೂ ಅಷ್ಟೇ.

ಕಂಪನಿ ಮೂರು ವರ್ಷ ಮಕಾಡೆ ಮಲಗಿದ್ದಾಗ ಅದನ್ನು ಕೈಹಿಡಿದು ಎಬ್ಬಿಸಿದವನು ಅವನು. ಬ್ಯಾಂಕಿನವರ ಮುಂದೆ ನಕ್ಕವನು, ಕಲ್ಲಿದ್ದಲು ಕೊಡುವವನ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟವನು. ಆಗ ಅಳಿಯ ಗಾಲ್ಫ್ ಕಲಿಯುತ್ತಿದ್ದ. ಈಗ ಒಳ್ಳೆಯ ದಿನ ಬಂದಿತ್ತು. ದೊಡ್ಡ ಕಂಪನಿಯೊಂದು ಒಳ್ಳೆಯ ಬೆಲೆ ಕೊಟ್ಟು ಇವರನ್ನು ತನ್ನೊಳಗೆ ಸೇರಿಸಿಕೊಳ್ಳಲು ಮುಂದೆ ಬಂದಿತ್ತು. ವಿಷಯ ಪರಮ ಗುಟ್ಟು. ಯಜಮಾನರು, ಅಳಿಯ, ವಕೀಲರು, ಮತ್ತೆ ಕೂಡಿ ಕಳೆಯಲು ಒಬ್ಬ ಮನುಷ್ಯ ಬೇಕಲ್ಲ, ಹಾಗಾಗಿ ಅಕೌಂಟೆಂಟ್. ಕೆಲಸದ ಜೊತೆ ಕಾರ್ಖಾನೆಯ ಕ್ವಾರ್ಟರ್ಸೂ ಹೋಗುತ್ತದೆ ಎಂಬುದು ಅಳಿಯನಿಗೆ ನೆನಪೇ ಇರಲಿಲ್ಲ.

ಸಿಟ್ಟು ಸಂಜೆಯವರೆಗೆ ಇತ್ತು. ಕ್ವಾರ್ಟರ್ಸಿನ ದಾರಿಯಲ್ಲಿ ನಡೆಯುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ಖುಷಿಯಾಗಿ ತಿರುಗಿತು. ಅವನಿಗೆ ಗೊತ್ತಿದ್ದದ್ದು ಊರಿಗೆ ಗೊತ್ತಿರಲಿಲ್ಲ! ಸುದ್ದಿ ಹೊರಬಿದ್ದ ದಿನ ಈ ಕಂಪನಿಯ ಷೇರು ಎಲ್ಲಿಗೆ ಹಾರುತ್ತದೆ ಎಂಬುದನ್ನು ಲೆಕ್ಕ ಹಾಕಿದವನೇ ಅವನು. ಒಳಗಿನ ಸುದ್ದಿ ತಿಳಿದವನು ಷೇರು ಕೊಳ್ಳುವುದು ಅಪರಾಧ, ಜೈಲೂ ಆಗಬಹುದು. ಸಿಕ್ಕಿಬಿದ್ದರೆ ತಾನೆ?

ಸಿಕ್ಕಿಬೀಳುವವರೆಲ್ಲ ಆತುರಗೆಟ್ಟವರು ಎಂದು ಅವನಿಗೆ ಗೊತ್ತಿತ್ತು. ಅವನು ಕೂತು ಯೋಚಿಸಿದ. ಮೊದಲ ಪ್ರಶ್ನೆ: ಈ ಷೇರನ್ನೇ ಯಾಕೆ ಕೊಂಡೆ ಎಂದು ಕೇಳಿದರೆ? ಉತ್ತರ ಪೇಪರಿನಲ್ಲೇ ಬರುತ್ತಿತ್ತು. ಅವನ ಕಂಪನಿ ಮಾಡುತ್ತಿದ್ದದ್ದು ಬಣ್ಣಕ್ಕೂ ಔಷಧಿಗೂ ಕೀಟನಾಶಕಕ್ಕೂ ಬೇಕಾಗುವ ಒಂದು ದ್ರವ. ಈ ಧಂದೆಯ ಗುಣವೇ ಏರಿ ಇಳಿಯುವುದು. ಬೆಲೆ ಏರಿದಾಗ ಎಲ್ಲರೂ ಕಾರ್ಖಾನೆ ಕಟ್ಟುತ್ತಾರೆ, ಮಾಲು ರಾಶಿ ಬೀಳುತ್ತದೆ, ಬೆಲೆ ನೆಲಕಚ್ಚುತ್ತದೆ, ಬಡಪಾಯಿಗಳು ಬೀಗ ಹಾಕುತ್ತಾರೆ. ಆಮೇಲೆ ಮಾಲು ಸಾಲದೆ ಮತ್ತೆ ಬೆಲೆ ಏರುತ್ತದೆ. ಈಗ ಏರುವ ಕಾಲ. ಸ್ವಲ್ಪ ಬುದ್ಧಿಯಿರುವ ಯಾರು ಬೇಕಾದರೂ "ಚೇತರಿಸಿಕೊಳ್ಳುತ್ತಿದೆ, ನಾಲ್ಕು ಷೇರು ತಗೊಳ್ಳೋಣ" ಎಂದುಕೊಳ್ಳಬಹುದು. ವಿಲೀನ ಬಂದದ್ದು ಅದೃಷ್ಟ, ಅಷ್ಟೇ. ಇಷ್ಟು ಚೆಂದದ ನೆಪ ಸಿಕ್ಕಿದ್ದಕ್ಕೆ ಅವನಿಗೆ ಶಿಳ್ಳೆ ಹಾಕಬೇಕೆನಿಸಿತು.

ಎರಡನೆಯ ಪ್ರಶ್ನೆ: ಯಾರ ಹೆಸರಲ್ಲಿ? ಹೆಂಡತಿ, ತಂಗಿ, ಮೈದುನ ಎಲ್ಲರ ವಿವರವೂ ಕಂಪನಿಯ ಬಳಿ ಇತ್ತು. ಆದರೆ ನದಿಯಾಚೆಯ ಪಟ್ಟಣದಲ್ಲಿ ಒಬ್ಬಳು ದೊಡ್ಡಮ್ಮ ಇದ್ದಳು. ಅಪ್ಪನ ದಾಯಾದಿಯ ಹೆಂಡತಿ, ವಿಧವೆ, ಮಕ್ಕಳಿಲ್ಲ. ಅವಳ ಹೆಸರಿಗೂ ಇವನ ಹೆಸರಿಗೂ ಯಾವ ಕಾಗದದಲ್ಲೂ ನಂಟಿರಲಿಲ್ಲ. ಕಾಗದ ಹಿಡಿದು ಹೋದ ಇವನನ್ನು ಅವಳು ಒಳಗೂ ಕರೆಯದೆ ವರಾಂಡಕ್ಕೇ ಎರಡು ಕುರ್ಚಿ ತಂದು ಹಾಕಿದಳು.

"ಇಲ್ಲೇ ಕೂರೋಣ ಕಣೋ, ಗಾಳಿ ಬರುತ್ತೆ. ಯಾವ ಕಂಪನಿ ಅಂದೆ? ಸೋಪಿಂದಾ?"

"ಅಂಥದ್ದೇ ದೊಡ್ಡಮ್ಮ. ಬಂದಿದ್ರಲ್ಲಿ ನಿಂಗೂ ಪಾಲು."

"ನಂಗ್ಯಾಕೋ ಪಾಲು? ಒಂದು ಹೊಲಿಗೆ ಮಿಷನ್ ಕೊಡ್ಸು, ಸಾಕು. ಎಲ್ಲಿ ಸೈನ್ ಹಾಕ್ಬೇಕು?"

ಮೂರನೆಯದು ಅವನ ಹೆಮ್ಮೆ. ದೊಡ್ಡಮ್ಮನ ಪರವಾಗಿ ವ್ಯವಹಾರ ಮಾಡುವ ಸಂಬಂಧಿ ಯಾರು? ಅಕೌಂಟೆಂಟ್ ಅಂತೂ ಅಲ್ಲ. ಅವನು ಡ್ರಾಯಿಂಗ್ ಮೇಷ್ಟ್ರಾದ! ಬಗಲಿಗೆ ಬಟ್ಟೆಯ ಚೀಲ, ಅದರಿಂದ ಇಣುಕುವ ಸ್ಕೇಲು, ಬೆರಳಿನ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಬಸ್ಸು ಹತ್ತುವ ಮುಂಚೆ ಸೀಮೆಸುಣ್ಣ ಪುಡಿ ಮಾಡಿ ಅಂಗಿಯ ತೋಳಿಗೆ ಉಜ್ಜಿಕೊಳ್ಳುತ್ತಿದ್ದ. ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ, ಎರಡು ಪೀರಿಯಡ್ ಪಾಠ ಮಾಡಿದಷ್ಟು. ಹೊಸ ವೇಷ, ಹೊಸ ನಡಿಗೆ, ಕೊನೆಗೆ ಕೆಮ್ಮು ಕೂಡ ಹೊಸದು. ಬಸ್ಸಿನಲ್ಲಿ ಎಷ್ಟೇ ರಶ್ ಇದ್ದರೂ ಅವನ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಮೇಷ್ಟ್ರೆಂದರೆ ಜನಕ್ಕೆ ಇನ್ನೂ ಗೌರವವಿದೆ ಎಂದು ಅವನು ಕಾಲು ಚಾಚಿ ಕೂರುತ್ತಿದ್ದ.

ಷೇರು ದಲ್ಲಾಳಿಯ ಆಫೀಸು ನದಿಯ ಸೇತುವೆಗೆ ಮುಖಮಾಡಿ, ಮೊದಲ ಮಹಡಿಯಲ್ಲಿತ್ತು. ದಲ್ಲಾಳಿಗೆ ಉದ್ದ ಕತ್ತು, ಸಣ್ಣ ಕಾಲು. ಅಕೌಂಟೆಂಟ್ ಮನಸ್ಸಿನಲ್ಲೇ ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟ. ಮೊದಲ ದಿನ ಇವನು ಒಳಗೆ ಬಂದ ಕೂಡಲೇ ಕೊಕ್ಕರೆ ಎದ್ದುನಿಂತ, ಬೀದಿಯ ಕಡೆಯ ಕಿಟಕಿ ತೆರೆದ, ಅದರ ಪಕ್ಕಕ್ಕೆ ಒಂದು ಕುರ್ಚಿ ಎಳೆದು ಹಾಕಿದ.

"ಇಲ್ಲಿ ಆರಾಮಾಗಿ ಕೂತ್ಕೊಳ್ಳಿ ಮೇಷ್ಟ್ರೇ."

ಉಳಿದ ಗಿರಾಕಿಗಳು ಗೋಡೆಯ ಬೆಂಚಿನಲ್ಲಿ ಒತ್ತಾಗಿ ಕೂತು ಬೆವರುತ್ತಿದ್ದರು. ಮುಂದಿನ ಸಲ ಟೇಬಲ್ ಫ್ಯಾನನ್ನೂ ಇವನ ಕಡೆ ತಿರುಗಿಸಿದರು. ಟೈಪ್ ಮಾಡುವ ಹುಡುಗಿ ಇವನು ಬಂದೊಡನೆ ಎದ್ದು ಕಾಫಿಗೆ ಹೊರಟುಬಿಡುತ್ತಿದ್ದಳು. ಗುಟ್ಟಿನ ವ್ಯವಹಾರಕ್ಕೆ ಅದೂ ಒಳ್ಳೆಯದೇ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದರೂ ಇವನಿಗೆ ಒಂದು ಕಿಟಕಿ ಕೊಟ್ಟಿರಲಿಲ್ಲ. ಇಲ್ಲಿ ಕಾಲಿಟ್ಟ ದಿನವೇ ಸಿಕ್ಕಿತು. ಮನುಷ್ಯನ ಬೆಲೆ ತಿಳಿಯಬೇಕಾದರೆ ಹೊರಗೆ ಬರಬೇಕು ಎಂದು ಅವನು ಹೆಂಡತಿಗೆ ಹೇಳಿದ.

ಅವನು ಸ್ವಲ್ಪ ಸ್ವಲ್ಪವೇ ಕೊಂಡ. ನಡುವೆ ಬಿಸ್ಕತ್ತಿನ ಕಂಪನಿಯದೊಂದಿಷ್ಟು, ಸಿಮೆಂಟಿನದೊಂದಿಷ್ಟು, ಕಣ್ಣಿಗೆ ಮಣ್ಣೆರಚಲು. ಉಳಿತಾಯವೆಲ್ಲ ಹೋಯಿತು. ಆಮೇಲೆ ಹೆಂಡತಿ ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ನಂಗೊಂದು ಮನೆ ಬೇಕು ಅಷ್ಟೇ. ಯಾರೂ ಖಾಲಿ ಮಾಡಿ ಅನ್ಬಾರ್ದು, ಅಂಥದ್ದು," ಎಂದಳು.

"ಎರಡು ಮಹಡಿ!"

"ಒಂದೇ ಸಾಕು ರೀ. ಮೆಟ್ಟಿಲು ಯಾರು ಒರೆಸ್ತಾರೆ?"

ಇಬ್ಬರೂ ಮಕ್ಕಳಂತೆ ನಕ್ಕರು. ಮದುವೆಯಾದ ಹೊಸತರಲ್ಲೂ ಅವರು ಅಷ್ಟು ನಕ್ಕಿರಲಿಲ್ಲ.

ಕಾರ್ಖಾನೆಗೂ ಮತ್ತೆ ಜೀವ ಬಂದಿತ್ತು. ಮೂರು ವರ್ಷ ಜೇಡ ಬಲೆ ಕಟ್ಟಿದ್ದ ದೊಡ್ಡ ಘಟಕ ಹಗಲಿರುಳು ಗುಡುಗುತ್ತಿತ್ತು, ಚಿಮಣಿ ಬಿಳಿ ಹೊಗೆ ಕಾರುತ್ತಿತ್ತು, ಟ್ಯಾಂಕರುಗಳು ಗೇಟಿನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು ಓಡಾಡಿ, ಎರಡನೆಯ ವಾರ ಕರ್ಚೀಫು ಜೇಬಿಗಿಟ್ಟು ಎಲ್ಲರಂತಾದರು. ಅಕೌಂಟೆಂಟ್ ಅವರನ್ನು ನೋಡಿ ನಗುತ್ತಾ ಹಾಡು ಗುನುಗುತ್ತಾ ಲೆಕ್ಕ ಬರೆದ. ಅಳಿಯನಿಗೆ ಬಾಗಿಲು ಕೂಡ ತೆರೆದುಕೊಟ್ಟ.

ವಿಲೀನದ ಸುದ್ದಿ ಹೊರಬಿದ್ದ ಬೆಳಿಗ್ಗೆ ಷೇರು ಚಿಮ್ಮಿ ಮೇಲಕ್ಕೆ ಹೋಯಿತು. ಅವನು ಆಫೀಸಿನ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ಹಳೆಯ ಫೈಲುಗಳ ನಡುವೆ ಒಬ್ಬನೇ ಕುಣಿದ. ಆದರೂ ಆತುರಪಡಲಿಲ್ಲ. ಬೆಲೆ ಇನ್ನೂ ಏರಲಿ, ಗಲಾಟೆ ತಣ್ಣಗಾಗಲಿ, ಆಮೇಲೆ ಮಾರಿದರಾಯಿತು.

ಕೊಕ್ಕರೆಯ ಫೋನು ಬಂದದ್ದು ಆಮೇಲೆ. ಇಂಥ ಸುದ್ದಿಗೆ ಮುಂಚೆ ಷೇರು ಕೊಂಡವರನ್ನೆಲ್ಲ ಮಾತಾಡಿಸಲು ತನಿಖಾಧಿಕಾರಿ ಬಂದಿದ್ದಾರಂತೆ, ಸುಮ್ಮನೆ ರೂಢಿಯ ವಿಚಾರಣೆಯಂತೆ, ಮೇಷ್ಟ್ರು ಒಮ್ಮೆ ಬಂದು ಹೋಗಬೇಕಂತೆ. ಅಕೌಂಟೆಂಟಿಗೆ ಭಯವಾಗಬೇಕಿತ್ತು. ಆಗಲಿಲ್ಲ. ಇಷ್ಟು ಚೆನ್ನಾಗಿ ಕಟ್ಟಿದ ವೇಷಕ್ಕೆ ಒಬ್ಬರಾದರೂ ಜಾಣ ಪ್ರೇಕ್ಷಕರು ಬೇಡವೇ? ರಜೆ ಹಾಕಿದ, ತೋಳಿಗೆ ಸೀಮೆಸುಣ್ಣ ಉಜ್ಜಿದ, ಖಾಲಿ ಸೀಟಿನ ಪಕ್ಕ ಕೂತು ನದಿ ದಾಟಿದ.

ಅಧಿಕಾರಿ ನಡುವಯಸ್ಸಿನ ಹೆಂಗಸು, ಸೌಮ್ಯ ಮುಖ. ಕಿಟಕಿ ತೆರೆದಿತ್ತು, ಕುರ್ಚಿ ಕಾದಿತ್ತು. ಆಕೆ ಕೇಳಿದ್ದಕ್ಕೆಲ್ಲ ಅವನು ನೀರು ಕುಡಿದಷ್ಟು ಸುಲಭವಾಗಿ ಉತ್ತರ ಹೇಳಿದ. ಆಕೆ ಕೊಟ್ಟ ಹಾಳೆಯ ಮೇಲೆ ಸ್ಕೇಲಿಲ್ಲದೆ ನೆಟ್ಟಗೆ ಗೆರೆ ಎಳೆದು ತೋರಿಸಿದ. ಚೇತರಿಕೆಯ ವಿಷಯ ಬಂದಾಗ ಪೇಪರಿನಲ್ಲಿ ಓದಿದ್ದನ್ನು ಮೇಷ್ಟ್ರು ಹೇಳುವಂತೆ, ಒಂದೆರಡು ಕಡೆ ಬೇಕೆಂದೇ ತಪ್ಪಿ, ಹೇಳಿದ.

"ಆ ಕಂಪನಿಯವರು ಯಾರಾದ್ರೂ ಪರಿಚಯಾನಾ?"

"ಅಯ್ಯೋ ಮೇಡಂ, ಆ ಕಾರ್ಖಾನೆ ಯಾವ ದಿಕ್ಕಿಗಿದೆ ಅಂತಾನೂ ಗೊತ್ತಿಲ್ಲ. ಜೀವಮಾನದಲ್ಲಿ ಆ ಕಡೆ ಕಾಲಿಟ್ಟೋನಲ್ಲ."

ಆಕೆ ಅದನ್ನೇ ಬರೆದುಕೊಂಡು ಮುಂದೆ ಚಾಚಿದಳು. ಅವನು ಬಾಲ ಸುತ್ತಿಸಿ ಚೆಂದವಾಗಿ ಸಹಿ ಹಾಕಿದ. ಕೊಕ್ಕರೆ ಯಾಕೋ ನೆಲ ನೋಡುತ್ತಿದ್ದ.

"ನಿನ್ನೆ ನಾನು ಆ ಕಾರ್ಖಾನೆ ಗೇಟಿನ ಹತ್ರ ಹೋಗಿದ್ದೆ," ಎಂದು ಅಧಿಕಾರಿ ಪೆನ್ನು ಮುಚ್ಚುತ್ತಾ ಹೇಳಿದಳು. "ಕೊಳೆತ ಮೀನಿನ ವಾಸನೆ. ನಿಲ್ಲೋಕೂ ಆಗ್ಲಿಲ್ಲ. ಒಳಗಿರೋರಿಗೆ ಮಾತ್ರ ಏನೂ ಅನ್ನಿಸಲ್ಲವಂತೆ." ಆಮೇಲೆ ಕೊಕ್ಕರೆಯತ್ತ ತಿರುಗಿದಳು: "ಇವ್ರು ಬಂದಾಗ ಮಾತ್ರ ಕಿಟಕಿ ಯಾಕೆ ತೆಗೀತೀರಿ ಅಂತ ನಂಗೆ ಹೇಳಿದ್ರಲ್ಲ, ಇವ್ರಿಗೂ ಹೇಳಿ." ಕೊಕ್ಕರೆಯ ಕತ್ತು ನಾಚಿಕೆಯಿಂದ ಕುಗ್ಗಿತು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಮೊದಲ ದಿನದಿಂದಲೂ ಹೀಗೇನೇ. ಸೇತುವೆ ಮೇಲೆ ಆ ಕಂಪನಿ ಟ್ಯಾಂಕರ್ ಹೋದಾಗ ಬರುತ್ತಲ್ಲ, ಅದೇ ವಾಸನೆ. ಮುಖದ ಮೇಲೆ ಹೇಳೋದು ಹೇಗೆ ಅಂತ ಸುಮ್ನೆ ಕುರ್ಚಿ ಹಾಕ್ತಿದ್ವಿ." ಅಕೌಂಟೆಂಟ್ ತೆರೆದ ಕಿಟಕಿಯನ್ನು ನೋಡಿದ, ತನ್ನ ಕಡೆಗೇ ತಿರುಗಿದ್ದ ಫ್ಯಾನನ್ನು ನೋಡಿದ, ವರಾಂಡದ ಕುರ್ಚಿಗಳು, ಬಸ್ಸಿನ ಖಾಲಿ ಸೀಟು ಒಂದೊಂದಾಗಿ ನೆನಪಾದವು. ಮನೆಯಲ್ಲಿ ಹೆಂಡತಿ ಬರಿಗೈಯಲ್ಲಿ ಕಾಯುತ್ತಿದ್ದಳು. ಅವನು ನಿಧಾನಕ್ಕೆ ಅಂಗಿಯ ತೋಳನ್ನು ಮೂಗಿನ ಹತ್ತಿರ ತಂದು, ಉಸಿರೆಳೆದು, ಇನ್ನೊಮ್ಮೆ ಎಳೆದು ನೋಡಿದ. ಸೀಮೆಸುಣ್ಣ ಬಿಟ್ಟರೆ ಬೇರೆ ಯಾವ ವಾಸನೆಯೂ ಅವನಿಗೆ ಬರಲಿಲ್ಲ.