ಬಾಗಿಲ ಬಳಿಯ ಗಂಟು

ಫಿರ್ದೌಸ್ ಓಡುತ್ತಿದ್ದಳು. ಬೆನ್ನ ಮೇಲೆ ಸ್ಕೂಲ್ ಬ್ಯಾಗು ದಬದಬ ಕುಣಿಯುತ್ತಿತ್ತು. ಒಂದು ಚಪ್ಪಲಿ ಕಾಲುವೆ ದಂಡೆಯಲ್ಲೇ ಉಳಿದುಹೋಗಿತ್ತು. ನಿಂತು ತೆಗೆದುಕೊಳ್ಳಲು ಪುರುಸೊತ್ತೆಲ್ಲಿ? ಹಿಂದೆ ಅಮ್ಮಿ ಓಡಿ ಬರುತ್ತಿದ್ದಳು. ಮುಂದೆ ಸುಂದ್ರಮ್ಮಾಯಿಯ ಕತ್ತರಿ ಇತ್ತು!

ತಪ್ಪೆಲ್ಲ ಫಿರ್ದೌಸಳದೇ. ಭೀಮರಾಯನಗುಡಿಯ ಕಾಲುವೆ ದಂಡೆಯ ಅವರ ಓಣಿಯಲ್ಲಿ ಕೌದಿ ಹೊಲಿಯುವವಳು ಸುಂದ್ರಮ್ಮಾಯಿ. ಹಳೆಯ ಸೀರೆ, ಲುಂಗಿಗಳನ್ನು ಗಂಟು ಕಟ್ಟಿ ಕೊಟ್ಟರೆ ಸಾಕು, ಹರಿದು ಜೋಡಿಸಿ ಬೆಚ್ಚನೆಯ ಕೌದಿ ಮಾಡಿಕೊಡುತ್ತಾಳೆ. ಬೆಳಿಗ್ಗೆ ಆಕೆ ಮನೆಗೆ ಬಂದು, ನಿಮ್ಮ ಅರಿವೆ ಎಲ್ಲಿ ಎಂದು ಕೇಳಿದ್ದಳು. ಅಮ್ಮಿ ಆಗಲೇ ಹತ್ತಿ ಬಿಡಿಸಲು ಹೋಗಿದ್ದಳು. ಸ್ಕೂಲಿಗೆ ಲೇಟಾಗಿದ್ದ ಫಿರ್ದೌಸ್ ಹಿಂದೆಮುಂದೆ ನೋಡದೆ ಬಾಗಿಲ ಬಳಿಯ ಗಂಟನ್ನು ಎತ್ತಿಕೊಟ್ಟಿದ್ದಳು.

ಕೌದಿಯ ಗಂಟು ಮಂಚದ ಕೆಳಗಿತ್ತು. ಇವಳು ಕೊಟ್ಟದ್ದು ಅಮ್ಮಿಯ ಅಂಜಿಕೆಯ ಗಂಟು. ಸಂಜೆ ಸ್ಕೂಲಿನಿಂದ ಬಂದಾಗ, ಬಾಗಿಲ ಬಳಿಯ ಗಂಟೆಲ್ಲಿ ಎಂದು ಅಮ್ಮಿ ಹುಡುಕುತ್ತಿದ್ದುದನ್ನು ಕಂಡಾಗಲೇ ಅದು ಗೊತ್ತಾದದ್ದು.

ಎಲೆಕ್ಷನ್ ಹತ್ತಿರ ಬಂದಾಗಿನಿಂದ ಓಣಿಯಲ್ಲಿ ಬಾಯಿಗೊಂದು ಮಾತು. ಹೊಸ ಸರಕಾರ ಬಂದರೆ ಕಾಲುವೆ ದಂಡೆಯ ಮನೆಗಳನ್ನು ಕೆಡವುತ್ತಾರಂತೆ ಎಂದು ಒಬ್ಬರು. ಹಳೆಯದೇ ಬಂದರೂ ಬಿಡುವುದಿಲ್ಲವಂತೆ ಎಂದು ಇನ್ನೊಬ್ಬರು. ಆರ್ಡರ್ ಕಾಗದ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಆದರೂ ಅಮ್ಮಿ ಒಳ್ಳೊಳ್ಳೆಯ ಬಟ್ಟೆ, ಆಧಾರ್, ರೇಷನ್ ಕಾರ್ಡು ಎಲ್ಲವನ್ನೂ ಗಂಟು ಕಟ್ಟಿ ಬಾಗಿಲಿಗೆ ತಂದಿಟ್ಟಳು. ಅವತ್ತಿನಿಂದ ಅವಳಿಗೆ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ. ಯಾದಗಿರಿಯಲ್ಲಿ ಗೌಂಡಿ ಕೆಲಸ ಮಾಡುವ ಅಬ್ಬಾ ಫೋನಿನಲ್ಲಿ ಕೇಳಿದರೆ, ಎಲ್ಲ ಆರಾಮ ಎನ್ನುತ್ತಾಳೆ. ಅದನ್ನು ಕೇಳಿದಾಗಲೆಲ್ಲ ಫಿರ್ದೌಸಳಿಗೆ ಅಳು ಬರುತ್ತಿತ್ತು. ಅಮ್ಮಿ ಮೊದಲಿನ ಹಾಗಾದರೆ ಸಾಕು, ತನಗೆ ಬೇರೇನೂ ಬೇಡ. ಈಗ ನೋಡಿದರೆ ತಾನೇ ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದಳು.

"ಆಯಿ, ಕತ್ತರಿ ಹಚ್ಚಬ್ಯಾಡ್ರಿ!" ಸುಂದ್ರಮ್ಮಾಯಿಯ ಹೊಸ್ತಿಲಲ್ಲೇ ಫಿರ್ದೌಸ್ ಕೂಗಿದಳು.

ಹೊತ್ತು ಮೀರಿತ್ತು. ಅಬ್ಬಾನ ಹಬ್ಬದ ಅಂಗಿ ಎರಡು ತುಂಡಾಗಿ ಬಿದ್ದಿತ್ತು. ಸುಂದ್ರಮ್ಮಾಯಿಗೂ ಅನುಮಾನ ಬಂದಿತ್ತಂತೆ. ಈಗಿನ ಮಂದಿಗೆ ಸೊಕ್ಕು ಹೆಚ್ಚಾಗಿ ಹೊಸ ಅಂಗಿಯನ್ನೂ ಕೌದಿಗೆ ಹಾಕುತ್ತಾರೆ ಎಂದು ಬೈದುಕೊಳ್ಳುತ್ತಲೇ ಕತ್ತರಿಸಿದ್ದಳು.

ಅಮ್ಮಿ ಏದುಸಿರು ಬಿಡುತ್ತ ಬಂದು ನಿಂತಳು. ಈಗ ಬೀಳುತ್ತದೆ ಏಟು ಎಂದು ಫಿರ್ದೌಸ್ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಸುಂದ್ರಮ್ಮಾಯಿ, ಅಂಗಿ ಕತ್ತರಿಸಿದ ಮೇಲೆ ಗಂಟಿನ ತಳದಲ್ಲಿ ಸಿಕ್ಕಿದ್ದ ಕಾರ್ಡುಗಳನ್ನು ದಿಂಬಿನ ಕೆಳಗಿಂದ ತೆಗೆದು ಜೋಪಾನವಾಗಿ ಅಮ್ಮಿಯ ಕೈಗಿಟ್ಟಳು.

"ಅರಿವ್ಯಾಗ ಕಾಗದ ಯಾಕ ಕಟ್ಟಿದ್ದಿ ಗುಲ್ನಾಜ್? ಎಲ್ಲಿಗಿ ಹೊಂಟಿದ್ದಿ?"

ಅಮ್ಮಿ ಕಾರ್ಡುಗಳನ್ನು ಸೆರಗಿಗೆ ಕಟ್ಟಿಕೊಳ್ಳುತ್ತ ಅಲ್ಲೇ ಕೂತಳು. "ಎಲ್ಲಿಗಂತ ನನಗೂ ಗೊತ್ತಿಲ್ಲ ಅಕ್ಕಾ. ಕಣ್ಣು ಮುಚ್ಚಿದ್ರ ಗ್ವಾಡಿ ಬಿದ್ದಂಗ ಆಗ್ತದ. ಇಕಿ ಅಬ್ಬಾಗ ಹೇಳಿದ್ರ ಕೆಲಸ ಬಿಟ್ಟು ಬಂದುಬಿಡ್ತಾರ."

ಸುಂದ್ರಮ್ಮಾಯಿ ಎದ್ದು ಒಳಗೆ ಹೋದಳು. ಬರುವಾಗ ಕಂಕುಳಲ್ಲಿ ಒಂದು ಗಂಟಿತ್ತು. ಅದು ಅಮ್ಮಿಯದಕ್ಕಿಂತ ದೊಡ್ಡದು!

"ನಂದು ಕಟ್ಟಿ ಹದಿನೈದು ದಿನ ಆತು. ಸೊಸಿಗೂ ಹೇಳಿಲ್ಲ ನೋಡವಾ."

ಇಬ್ಬರೂ ಗಂಟನ್ನು ನೋಡಿದರು, ಮುಖ ಮುಖ ನೋಡಿಕೊಂಡರು. ಅಮ್ಮಿಗೆ ಫಕ್ಕನೆ ನಗು ಬಂತು. ಸುಂದ್ರಮ್ಮಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತ ಇಬ್ಬರ ಕಣ್ಣಲ್ಲೂ ನೀರು. ಇವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಫಿರ್ದೌಸಳಿಗೆ ತಿಳಿಯಲಿಲ್ಲ, ಆದರೆ ಅವಳ ಎದೆ ಹಗುರಾಯಿತು.

ಆಮೇಲೆ ಮಾತೇ ಮಾತು. ನಾಳೆ ಓಣಿಯವರೆಲ್ಲ ಕೂಡಿ ಕಾಲುವೆ ಆಫೀಸಿಗೆ ಹೋಗಿ, ಕೆಡವುವ ಆರ್ಡರ್ ಕಾಗದ ಇದ್ದರೆ ತೋರಿಸಿ ಎಂದು ಕೇಳುವುದು. ಇವತ್ತೇ ಅಬ್ಬಾನಿಗೆ ಇದ್ದದ್ದು ಇದ್ದಹಾಗೆ ಹೇಳುವುದು. ಮಂಗಳವಾರ ಆಶಾ ಕಾರ್ಯಕರ್ತೆ ಪರಿಮಳಾ ಬಂದಾಗ ನಿದ್ದೆ ಬಾರದ ಸುದ್ದಿ ತಿಳಿಸುವುದು. ಜ್ವರಕ್ಕೆ ಇರುವ ಹಾಗೆ ಅದಕ್ಕೂ ಡಾಕ್ಟರ್ ಇರುತ್ತಾರೆ ಎಂದಳು ಸುಂದ್ರಮ್ಮಾಯಿ.

"ಅಂಗಿ ಹೆಂಗೂ ಹರದದ," ಎಂದು ಅಮ್ಮಿ ಅದರ ತುಂಡನ್ನು ಸುಂದ್ರಮ್ಮಾಯಿಯ ಹಳೇ ಸೀರೆಯ ಪಕ್ಕಕ್ಕೆ ಜೋಡಿಸಿ ಸೂಜಿ ಹಿಡಿದಳು.

ಫಿರ್ದೌಸಳ ನಾಲಿಗೆ ತುದಿಗೆ ಒಂದು ಪ್ರಶ್ನೆ ಬಂತು. ಮನೆಗಳನ್ನು ನಿಜವಾಗಿ ಕೆಡವಿದರೆ, ಎರಡು ಮನೆಯ ಅರಿವೆ ಸೇರಿದ ಈ ಕೌದಿಯನ್ನು ಯಾರು ಒಯ್ಯಬೇಕು? ಕೇಳಲು ಬಾಯಿ ತೆರೆದಳು. ಅಮ್ಮಿ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಅವಳ ಮೊಣಕಾಲು ಸುಂದ್ರಮ್ಮಾಯಿಯ ಮೊಣಕಾಲಿಗೆ ತಾಗಿತ್ತು. ಉತ್ತರ ಅಮ್ಮಿಗೂ ಗೊತ್ತಿಲ್ಲ, ಆಯಿಗೂ ಗೊತ್ತಿಲ್ಲ. ಅದಕ್ಕೇ ಇಬ್ಬರೂ ಕೂಡಿ ಹೊಲಿಯುತ್ತಿದ್ದಾರೆ.

ಫಿರ್ದೌಸ್ ಇನ್ನೊಂದು ಸೂಜಿಗೆ ದಾರ ಪೋಣಿಸಿ, ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು.